ಹೊಳೆಯಾಚೆಯ ರೊಕ್ಕ: ಆದೋನಿ ಸೀಮೆ, ನಿಜಾಮರ ಗಡಿ ಮತ್ತು ತರದೇ ಉಳಿದ ಲಾಭ

ಕನ್ನಡ ಎಂ.ಎ. ವಿದ್ಯಾರ್ಥಿಗೆ ತೆರಿಗೆ ಯಾಕೆ ಬೇಕಿತ್ತು ಅಂತ ನಿಮಗೆ ಅನ್ನಿಸಬಹುದು. ನನ್ನೂರು ಹೊಳಗುಂದ. ನಮ್ಮ ಮನೆಯಲ್ಲಿ ಹಿರಿಯರು ಈಗಲೂ "ಹೊಳಿ ಆಚೆ ರೊಕ್ಕ" ಅಂತಾರೆ. ಆ ಮಾತಿನ ಬೆನ್ನು ಹತ್ತಿ ಹೋದದ್ದೇ ಈ ಪ್ರಬಂಧ.

1800ರಲ್ಲಿ ನಿಜಾಮರು ಆದೋನಿ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟರು. ಮುಂದೆ ಅದು ಮದ್ರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿತು. ತುಂಗಭದ್ರೆಯ ಆಚೆಯ ರಾಯಚೂರು ಮಾತ್ರ ನಿಜಾಮರಲ್ಲೇ ಉಳಿಯಿತು. 1871ರಿಂದ ಎರಡೂ ಊರಿಗೆ ಒಂದೇ ರೈಲು, ಎರಡೂ ಕಡೆ ಹತ್ತಿ, ಎರಡೂ ಕಡೆ ಕನ್ನಡ. ನಾಣ್ಯ ಮಾತ್ರ ಬೇರೆ: ಆಚೆ ಹಾಲಿ ಸಿಕ್ಕಾ, ಈಚೆ ಕಲ್ದಾರ್. ಸುಮಾರು 7 ಹಾಲಿಗೆ 6 ಕಲ್ದಾರ್.

ತೆರಿಗೆ ಕಾನೂನಿಗೆ ರಾಯಚೂರು "ಹೊರಗು". ಸಂಬಳ, ಸಾಲಪತ್ರದ ಬಡ್ಡಿಗಳಿಂದ ತೆರಿಗೆಯನ್ನು ಮೂಲದಲ್ಲೇ ಮುರಿದುಕೊಳ್ಳುವ ಪದ್ಧತಿ ಆಗಲೇ ಇತ್ತು. ಆದ್ರೆ ಹಾಗೆ ಮುರಿಯಲು ಹಣ ಕೊಡುವವನು ಸರ್ಕಾರದ ಕೈಗೆ ಸಿಗಬೇಕಲ್ಲ? ನಿಜಾಮರ ನೆಲದಲ್ಲಿ ಬ್ರಿಟಿಷ್ ಅಧಿಕಾರಿಯ ಕೈ ಓಡುತ್ತಿರಲಿಲ್ಲ. ಹಾಗಾಗಿ ಕಾನೂನು ಹೊಳೆಯ ದಂಡೆಯಲ್ಲಿ ಕಾಯಬೇಕಾಯಿತು. 1922ರ ಆದಾಯ ತೆರಿಗೆ ಕಾಯ್ದೆಯ ಮೂಲ ರೂಪದಲ್ಲಿ, ಹೊರಗಿನ ವ್ಯಾಪಾರದ ಲಾಭವನ್ನು ಮೂರು ವರ್ಷದೊಳಗೆ ಒಳಗೆ ತಂದರೆ ತೆರಿಗೆ. ಆ ಗಡುವು ದಾಟಿದರೆ ಇಲ್ಲ. ಅಂದ್ರೆ ಲಾಭವನ್ನು ಆಚೆಯೇ ಬಿಟ್ಟವನಿಗೆ ಅನುಕೂಲ.

1939ರ ತಿದ್ದುಪಡಿ ಇದನ್ನು ತಿರುಗಿಸಿತು. ನಿವಾಸಿಗೆ ಹೊರಗೆ ಹುಟ್ಟಿದ ಆದಾಯ ತರದಿದ್ದರೂ ತೆರಿಗೆ. ತರದೇ ಉಳಿದದ್ದರಲ್ಲಿ 4,500 ರೂಪಾಯಿವರೆಗೆ ಮಾತ್ರ ವಿನಾಯಿತಿ. 1941ರಲ್ಲಿ ದೇಶೀ ಸಂಸ್ಥಾನಗಳ ಆದಾಯಕ್ಕೆ ಮತ್ತೆ ಹಳೆಯ ದಾರಿ: ತಂದಾಗ ಮಾತ್ರ ತೆರಿಗೆ. 1948ರಲ್ಲಿ ಹೈದರಾಬಾದ್ ಭಾರತಕ್ಕೆ ಸೇರಿತು. 1950ರಲ್ಲಿ ಕೇಂದ್ರದ ಆದಾಯ ತೆರಿಗೆ ಅಲ್ಲಿಗೂ ಹಬ್ಬಿತು. "ಹೊರಗು" ಒಳಗಾಯಿತು.

ಗಮನಿಸಿ, ಈ ಜಗಳವೆಲ್ಲ ಮೂರು ಕ್ರಿಯಾಪದಗಳದ್ದು: ಹುಟ್ಟುವುದು, ಕೈಸೇರುವುದು, ತರುವುದು. ಅದು ಇನ್ನೂ ಮುಗಿದಿಲ್ಲ. 2017ರಲ್ಲಿ ಅಮೆರಿಕವು ತನ್ನ ಕಂಪನಿಗಳು ಹೊರದೇಶದಲ್ಲಿ ಕೂಡಿಟ್ಟ ಲಾಭವನ್ನು, ತರದಿದ್ದರೂ ತಂದಂತೆಯೇ ಭಾವಿಸಿ, ನಗದಿನ ರೂಪದಲ್ಲಿದ್ದದ್ದಕ್ಕೆ 15.5, ಉಳಿದದ್ದಕ್ಕೆ 8 ಪ್ರತಿಶತ ತೆರಿಗೆ ಹಾಕಿತು. ನಮ್ಮ ಹೊಳೆಯ ಪ್ರಶ್ನೆಯೇ ಸಮುದ್ರ ದಾಟಿದೆ, ಅಷ್ಟೇ.

ಕೊನೆಗೆ ಒಂದು ಮಾತು. 1953ರ ಅಕ್ಟೋಬರ್ 1ರಂದು ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಹೋದವು. 1956ರಲ್ಲಿ ರಾಯಚೂರು ಮೈಸೂರಿಗೆ ಬಂತು. ರೊಕ್ಕಕ್ಕೆ ಗಡಿ ಅಳಿದ ಮೂರೇ ವರ್ಷಕ್ಕೆ ಮಾತಿಗೆ ಹೊಸ ಗಡಿ ಬಿತ್ತು. ಮನೆಯಲ್ಲಿ ಕನ್ನಡ ಆಡುವ ನಾನು ಪ್ರವೇಶದ ಅರ್ಜಿಯಲ್ಲಿ "ಹೊರರಾಜ್ಯ" ಅಂತ ಗುರುತು ಹಾಕಿದೆ. ಹೊರಗು ಅನ್ನೋದು ದೂರದ ಲೆಕ್ಕವಲ್ಲ, ಕಾಗದದ ಲೆಕ್ಕ ಅಂತ ನನಗೆ ಆವತ್ತು ತಿಳೀತು.

ಪ್ರಶ್ನೆಗಳಿದ್ದರೆ ದಯವಿಟ್ಟು ಕೇಳಿ.