ಒಂಬತ್ತು ಪರೀಕ್ಷೆ, 43 ಹೆಸರು

ಮಾಸ್ಕೋದಲ್ಲಿ ಸೋವಿಯತ್ ಭೌತವಿಜ್ಞಾನಿ ಲೆವ್ ಲ್ಯಾಂಡೌ ಅವರ ಮನೆಗೆ ಫೋನ್ ಮಾಡಿ ಪರೀಕ್ಷೆ ಬರೆಯುತ್ತೇನೆಂದರೆ ಸಾಕು, ದಿನ ಗೊತ್ತಾಗುತ್ತಿತ್ತು. ಬಂದ ಹುಡುಗ ಪುಸ್ತಕ, ನೋಟ್ಸುಗಳನ್ನೆಲ್ಲ ಕೆಳಗೇ ಬಿಟ್ಟು ಮಹಡಿ ಹತ್ತಬೇಕು. ಮೇಲೆ ಪುಟ್ಟ ದುಂಡುಮೇಜು, ಒಂದಷ್ಟು ಖಾಲಿ ಹಾಳೆ. ಲ್ಯಾಂಡೌ ಒಂದು ಲೆಕ್ಕ ಕೊಟ್ಟು ಹೊರಟುಬಿಡುವರು. ಆಗಾಗ ಬಂದು ಹೆಗಲ ಮೇಲಿಂದ ಇಣುಕುವರು. ಮಾತಾಡದೆ ಹೋದರೆ ದಾರಿ ಸರಿಯಿದೆ. ‘ಹ್ಞೂಂ’ ಎಂದರೆ ಕೆಟ್ಟಿತು.

ಈ ಪದ್ಧತಿಯ ಹೆಸರು ‘ಥಿಯರೆಟಿಕಲ್ ಮಿನಿಮಮ್’. ಕನಿಷ್ಠ ಅನ್ನುವುದು ಬರೀ ಹೆಸರಿಗೆ: ಒಟ್ಟು ಒಂಬತ್ತು ಪರೀಕ್ಷೆ. ಗಣಿತವೇ ಎರಡು, ಆಮೇಲೆ ಮೆಕ್ಯಾನಿಕ್ಸ್‌ನಿಂದ ಕ್ವಾಂಟಂ ಎಲೆಕ್ಟ್ರೊಡೈನಮಿಕ್ಸ್‌ವರೆಗೆ ಏಳು. ಶುರುವಾದದ್ದು ಖಾರ್ಕೊವ್‌ನಲ್ಲಿ. 1932ರಲ್ಲಿ ಅಲ್ಲಿನ ಸಂಸ್ಥೆಗೆ ಬಂದಾಗ ಲ್ಯಾಂಡೌಗೆ 24 ವರ್ಷ. ಮರುವರ್ಷವೇ ಕೊಂಪನೀಟ್ಸ್ ಮೊದಲಿಗರಾಗಿ ಪಾಸಾದರು. 1935ರಲ್ಲಿ ದಾಟಿದ ಪೊಮೆರಾಂಚುಕ್ ಅವರ ಹೆಸರು ಇಂದಿಗೂ ‘ಪೊಮೆರಾನ್’ ಎಂಬ ರೂಪದಲ್ಲಿ ಕಣ ಭೌತವಿಜ್ಞಾನದಲ್ಲಿ ಉಳಿದಿದೆ. 1961ರಲ್ಲಿ ಲ್ಯಾಂಡೌ ಪಟ್ಟಿ ಮಾಡಿದಾಗ ಪಾಸಾದವರು 43 ಮಂದಿ. ಮರುವರ್ಷ ಜನವರಿಯಲ್ಲಿ ಕಾರು ಅಪಘಾತವಾಗಿ ಅವರ ಸಂಶೋಧನೆಯೇ ನಿಂತಿತು.

ಮೊದಲ ಗಣಿತ ಪರೀಕ್ಷೆಯಲ್ಲಿ ಕೇಳುತ್ತಿದ್ದದ್ದು ಪ್ರಮೇಯಗಳನ್ನಲ್ಲ, ಕೈಚಳಕವನ್ನು. ಇಂಟಿಗ್ರಲ್ ಕಣ್ಣಿಗೆ ಬಿದ್ದರೆ ಬಿಡಿಸಬೇಕು, ಡಿಫರೆನ್ಷಿಯಲ್ ಸಮೀಕರಣ ಬಂದರೆ ತಡವರಿಸಬಾರದು, ವೆಕ್ಟರ್ ಲೆಕ್ಕ ನಾಲಿಗೆ ತುದಿಯಲ್ಲಿರಬೇಕು. ಸಂಗೀತದ ಮೇಷ್ಟ್ರು ವರ್ಣಕ್ಕೆ ಮುಂಚೆ ಸರಳೆ, ಜಂಟಿ ತಿದ್ದಿಸಿದ ಹಾಗೆ. ಲೆಕ್ಕದಲ್ಲೇ ಮುಗ್ಗರಿಸುವವನಿಗೆ ಅದರ ಹಿಂದಿನ ಭೌತವಿಜ್ಞಾನ ಕಾಣುವುದಿಲ್ಲವೆಂಬುದು ಲ್ಯಾಂಡೌ ಲೆಕ್ಕಾಚಾರ. ಅದರಲ್ಲಿ ತಪ್ಪು ಹುಡುಕುವುದು ಕಷ್ಟ.

ಸಮ್ಮಿತಿಯ ಗಣಿತವಾದ ಗ್ರೂಪ್ ಥಿಯರಿಗೆ ಮಾತ್ರ ಪ್ರತ್ಯೇಕ ಪರೀಕ್ಷೆ ಇರಲಿಲ್ಲ. ಬೇಕಾದ ಅಧ್ಯಾಯ ಬಂದಾಗ ಜೊತೆಯಲ್ಲೇ ಕಲಿತರಾಯಿತು ಎಂಬುದು ಅವರ ನಿಲುವು. ಆದರೆ ಹೊಸ ಕಣಗಳು ಸಾಲುಸಾಲಾಗಿ ಸಿಗತೊಡಗಿದಾಗ ಅವನ್ನು ವಿಂಗಡಿಸಲು ಬೇಕಾದದ್ದು ಆ ಗಣಿತವೇ.

ಈ ಗಣಿತಕ್ಕೆ ಸಿದ್ಧರಿಲ್ಲದವರು ಸೋವಿಯತ್ ಹುಡುಗರಷ್ಟೇ ಅಲ್ಲ. ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್‌ನ ಮರ‍್ರೆ ಗೆಲ್-ಮನ್ ಪ್ಯಾರಿಸ್‌ನಲ್ಲಿದ್ದಾಗ, ಕಣಗಳಿಗೆ ಹೊಂದುವ ಗಣಿತ ರಚನೆ ಹುಡುಕುತ್ತ ಮೂರು ಆಪರೇಟರುಗಳಿಂದ ಹಿಡಿದು ಏಳರವರೆಗೆ ಒಂದೊಂದಾಗಿ ಹೆಚ್ಚಿಸಿ ಪರದಾಡಿ, ಕೊನೆಗೆ ಕೈಚೆಲ್ಲಿದ್ದರು. 1960ರ ಕೊನೆಗೆ ಕ್ಯಾಲ್‌ಟೆಕ್‌ನಲ್ಲೇ ಇದ್ದ ಗಣಿತಜ್ಞ ರಿಚರ್ಡ್ ಬ್ಲಾಕ್, ಈ ಕೆಲಸವನ್ನು ಗಣಿತದವರು ಎಂದೋ ಮುಗಿಸಿಟ್ಟಿದ್ದಾರೆಂದು ತಿಳಿಸಿದರು. ಗೆಲ್-ಮನ್ ಹುಡುಕುತ್ತಿದ್ದ ಆಪರೇಟರುಗಳ ಸಂಖ್ಯೆ ಎಂಟು.