ಒಕ್ಕಲೆಬ್ಬಿಸಿದ ಅಭಿಮಾನಿಗಳು

ಇಂಟರ್‌ನೆಟ್ ಮನೆಮನೆಗೆ ಬಂದ ಹೊಸತರಲ್ಲಿ ಹರೆಯಕ್ಕೆ ಕಾಲಿಟ್ಟವರು ಅಂದಿನ ಪುಟ್ಟ ಅಭಿಮಾನಿ ಬಳಗಗಳ ಮಾತೆತ್ತಿದರೆ ಕೇಳುವವರಲ್ಲಿ ಎರಡು ಸಮಾಧಾನ ಸಿದ್ಧವಾಗಿರುತ್ತವೆ. ಅದು ವಯಸ್ಸಿನ ಹಂಬಲ, ಹದಿನಾರರಲ್ಲಿ ಎಲ್ಲವೂ ಚೆಂದವೇ ಎಂಬುದು ಒಂದು. ಜನ ಹೆಚ್ಚಾದರು, ಬಳಗ ಕರಗಿತು, ಅದು ಲೋಕಾರೂಢಿ ಎಂಬುದು ಇನ್ನೊಂದು. ಎರಡೂ ಕೇಳಲು ಸರಿಯೆನಿಸುತ್ತವೆ, ಆದರೆ ದಾಖಲೆಗೆ ಹೊಂದುವುದಿಲ್ಲ. ಎಕ್ಸ್ ಫೈಲ್ಸ್, ಸ್ಟಾರ್ ಟ್ರೆಕ್, ಹ್ಯಾರಿ ಪಾಟರ್ ಅಭಿಮಾನಿಗಳು 1990ರ ದಶಕದ ನಡುವಿನಿಂದ ಕಟ್ಟಿಕೊಂಡ ತಾಣಗಳ ಕಥೆಯನ್ನು ತಾರೀಖಿನ ಸಮೇತ ಓದಿದರೆ ಬೇರೆಯದೇ ಚಿತ್ರ ಕಾಣುತ್ತದೆ. ಅವುಗಳಲ್ಲಿ ಬಹಳಷ್ಟು ತಾವಾಗಿ ಸೊರಗಿ ಹೋದವಲ್ಲ. ಜಾಗದ ಒಡೆಯರು ಬದಲಾದರು, ಹೊಸ ಒಡೆಯರು ಇದ್ದವರನ್ನು ಎಬ್ಬಿಸಿದರು. ಯಾರು ಯಾವಾಗ ಎಬ್ಬಿಸಿದರು ಎಂಬುದು ಬಹಿರಂಗ ಸಂಗತಿ. ಆದ್ದರಿಂದ ಆ ಹಳಹಳಿಕೆಯನ್ನು ಬರೀ ಭಾವುಕತೆ ಎಂದು ತಳ್ಳಿಹಾಕದೆ ಒಂದು ಸಾಕ್ಷ್ಯವೆಂದು ಪರಿಗಣಿಸಬೇಕು ಎಂಬುದು ನನ್ನ ವಾದ.

ಜಿಯೋಸಿಟೀಸ್‌ನಿಂದ ಶುರು ಮಾಡೋಣ. ಡೇವಿಡ್ ಬೋನೆಟ್ ಮತ್ತು ಜಾನ್ ರೆಜ್ನರ್ 1994ರ ಕೊನೆಯಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆರಂಭಿಸಿದ ಈ ಕಂಪನಿ, ಕಾಸು ಕೇಳದೆ ಯಾರಿಗೆ ಬೇಕಾದರೂ ತಮ್ಮದೊಂದು ಪುಟ ಕಟ್ಟಿಕೊಳ್ಳಲು ಜಾಗ ಕೊಡುತ್ತಿತ್ತು. ಜಾಗವನ್ನು ಬಡಾವಣೆಗಳಾಗಿ ವಿಂಗಡಿಸಲಾಗಿತ್ತು. ವಿಜ್ಞಾನ ಕಥೆ ಮತ್ತು ಫ್ಯಾಂಟಸಿಯ ಅಭಿಮಾನಿಗಳು ಏರಿಯಾ 51ರಲ್ಲಿ, ಸಿನಿಮಾ ಟೀವಿಯವರು ಹಾಲಿವುಡ್‌ನಲ್ಲಿ, ರಾಕ್ ಸಂಗೀತದವರು ಸನ್‌ಸೆಟ್ ಸ್ಟ್ರಿಪ್‌ನಲ್ಲಿ ನೆಲೆಯಾಗುತ್ತಿದ್ದರು. ಬಡಾವಣೆಯ ಹೆಸರಿನ ಮುಂದೆ ನಾಲ್ಕಂಕಿಯ ಮನೆ ನಂಬರು. ನಂಬರುಗಳು ಮುಗಿದಾಗ ಕಾರಿಡಾರ್, ವಾಲ್ಟ್ ಎಂಬಂಥ ಹೆಸರಿನ ಉಪಬಡಾವಣೆ. ಸಿಗುತ್ತಿದ್ದದ್ದು ಕೆಲವೇ ಮೆಗಾಬೈಟ್ ಜಾಗ. ಅಲ್ಲಿನ ಒಂದು ಪುಟ ಹೀಗಿರುತ್ತಿತ್ತು: ಕಪ್ಪು ಹಿನ್ನೆಲೆಯ ತುಂಬ ನಕ್ಷತ್ರ, ಪುಟ ತೆರೆದೊಡನೆ ತಾನಾಗಿ ಶುರುವಾಗುವ ಮಿಡಿ ಸಂಗೀತ, ಸಲಿಕೆ ಹಿಡಿದ ಆಳಿನ ಚಿತ್ರವಿರುವ ‘ಕೆಲಸ ನಡೆಯುತ್ತಿದೆ’ ಎಂಬ ಹಳದಿ ಫಲಕ, ಬಂದವರ ಲೆಕ್ಕ ತೋರಿಸುವ ಅಂಕಿಗಳು, ಕೊನೆಯಲ್ಲಿ ಹೆಸರು ಬರೆದು ಹೋಗಲು ಗೆಸ್ಟ್‌ಬುಕ್. ನೋಡಲು ಒರಟು ನಿಜ. ಆದರೆ ಬಹಳಷ್ಟು ಪುಟಗಳನ್ನು ಅವುಗಳ ಒಡೆಯರು ಎಚ್‌ಟಿಎಂಎಲ್ ಕಲಿತು, ಇನ್ನೊಬ್ಬರ ಪುಟದ ಒಳರಚನೆ ನೋಡಿ, ತಮ್ಮ ಕೈಯಾರೆ ಕಟ್ಟಿದ್ದರು. ಕಲಾವಿದೆ ಒಲಿಯಾ ಲಿಯಾಲಿನಾ ಅಳಿದುಳಿದ ಈ ಪುಟಗಳನ್ನು ವರ್ಷಗಟ್ಟಲೆ ಅಧ್ಯಯನ ಮಾಡಿ, ಇವನ್ನು ಜನಪದ ಕಲೆಯಷ್ಟೇ ಗಂಭೀರವಾಗಿ ನೋಡಬೇಕೆಂದು ವಾದಿಸಿದ್ದು ಸುಮ್ಮನೆ ಅಲ್ಲ.

ಬಿಡಿ ಪುಟಗಳನ್ನು ಬಳಗವಾಗಿ ಹೆಣೆದದ್ದು ವೆಬ್‌ರಿಂಗ್. ಅಮೆರಿಕದ ಆರೆಗನ್ ರಾಜ್ಯದ ಸೇಜ್ ವೇಲ್ ಎಂಬ ತರುಣ 1990ರ ದಶಕದ ನಡುವಿನಲ್ಲಿ ರೂಪಿಸಿದ ಈ ವ್ಯವಸ್ಥೆ ಬಹಳ ಸರಳ. ಒಂದೇ ವಿಷಯದ ಪುಟಗಳೆಲ್ಲ ತಮ್ಮ ಅಡಿಯಲ್ಲಿ ಒಂದು ಪಟ್ಟಿ ಹಾಕಿಕೊಳ್ಳುತ್ತವೆ. ಅದರಲ್ಲಿ ‘ಹಿಂದಿನದು’, ‘ಮುಂದಿನದು’, ‘ಯಾವುದಾದರೊಂದು’ ಎಂಬ ಕೊಂಡಿಗಳು. ‘ಮುಂದಿನದು’ ಒತ್ತುತ್ತ ಹೋದರೆ ಇಡೀ ಬಳಗವನ್ನು ಸುತ್ತಿ ಹೊರಟಲ್ಲಿಗೇ ಬರಬಹುದು. ಬಳಗ ಸೇರಬೇಕೆಂದರೆ ರಿಂಗ್ ನಡೆಸುವವರಿಗೆ ಅರ್ಜಿ ಹಾಕಬೇಕು. ಅವರು ಪುಟವನ್ನು ಕಣ್ಣಾರೆ ನೋಡಿ ಸೇರಿಸಿಕೊಳ್ಳುತ್ತಿದ್ದರು, ಪುಟ ಪಾಳು ಬಿದ್ದರೆ ತೆಗೆಯುತ್ತಿದ್ದರು. ಜಿಯೋಸಿಟೀಸ್‌ನ ಬಡಾವಣೆಗಳಲ್ಲೂ ಹೊಸಬರಿಗೆ ನೆರವಾಗಲು ಸಂಬಳವಿಲ್ಲದ ಸ್ವಯಂಸೇವಕರಿದ್ದರು. ಈ ವಿವರಗಳ ಮೇಲೆ ಇಷ್ಟು ಒತ್ತು ಕೊಡುವುದಕ್ಕೆ ಕಾರಣವಿದೆ. ಬಳಗಗಳು ಚಿಕ್ಕದಾಗಿ ಉಳಿದದ್ದು ಜನ ಕಡಿಮೆಯಿದ್ದರೆಂಬ ಕಾರಣಕ್ಕೆ ಮಾತ್ರವಲ್ಲ. ಒಬ್ಬ ಮನುಷ್ಯ ಎಷ್ಟು ಪುಟಗಳನ್ನು ಓದಿ ನಿಭಾಯಿಸಬಲ್ಲನೋ ಅಷ್ಟೇ ಅದರ ಅಳತೆಯಾಗಿತ್ತು. ಬಾಗಿಲು ತೆರೆದಿತ್ತು, ಬಾಗಿಲಲ್ಲಿ ಒಬ್ಬ ಮನುಷ್ಯನೂ ಇದ್ದ. ಇಂದಿನವರು ಕಳೆದುಕೊಂಡೆವೆನ್ನುವ ಆಪ್ತತೆ ಹುಟ್ಟಿದ್ದು ಈ ಏರ್ಪಾಟಿನಿಂದ.

ಇಂಥ ಬಳಗಕ್ಕೆ ಬಲವೂ ಇತ್ತು. ಹ್ಯಾರಿ ಪಾಟರ್ ಸಿನಿಮಾ ಹಕ್ಕು ಪಡೆದಿದ್ದ ವಾರ್ನರ್ ಬ್ರದರ್ಸ್ ಕಂಪನಿ 2000ದ ಕೊನೆಯಿಂದ ಅಭಿಮಾನಿ ತಾಣಗಳಿಗೆ ವಕೀಲರ ಪತ್ರ ಕಳಿಸತೊಡಗಿತು. ಪತ್ರ ಪಡೆದವರಲ್ಲಿ ಬ್ರಿಟನ್ನಿನ ಹದಿನೈದು ವರ್ಷದ ಹುಡುಗಿಯೊಬ್ಬಳೂ ಇದ್ದಳು. ಒಬ್ಬೊಬ್ಬರಾಗಿ ಹೆದರಿ ತಾಣ ಮುಚ್ಚಬೇಕಾಗಿದ್ದ ಮಕ್ಕಳು ಒಬ್ಬರಿಗೊಬ್ಬರು ಕೊಂಡಿಯಾಗಿದ್ದರಿಂದ ಸಂಘಟಿತರಾದರು, ಸಿನಿಮಾದ ಸರಕು ಕೊಳ್ಳಬೇಡಿ ಎಂದು ಕರೆ ಕೊಟ್ಟರು, ಪತ್ರಿಕೆ ಟೀವಿಗಳಿಗೆ ಸುದ್ದಿ ಮುಟ್ಟಿಸಿದರು. ಕೊನೆಗೆ ಕಂಪನಿಯೇ ಮೆತ್ತಗಾಯಿತು. ಅಭಿಮಾನಿಯೆಂದರೆ ಕೈಚಪ್ಪಾಳೆ ತಟ್ಟುವವನು ಮಾತ್ರ ಎಂಬ ಎಣಿಕೆ ಅಲ್ಲಿ ಸುಳ್ಳಾಯಿತು.

ಆದರೆ ಕಾಲಡಿಯ ನೆಲ ಅವರದಾಗಿರಲಿಲ್ಲ. ಜಿಯೋಸಿಟೀಸ್ 1998ರ ಆಗಸ್ಟ್‌ನಲ್ಲಿ ಷೇರು ಪೇಟೆಗೆ ಬಂತು. 1999ರ ಜನವರಿಯಲ್ಲಿ ಯಾಹೂ ಅದನ್ನು ಮೂರೂವರೆ ಶತಕೋಟಿ ಡಾಲರಿಗೂ ಮಿಕ್ಕಿದ ಷೇರು ಕೊಟ್ಟು ಕೊಳ್ಳುವುದಾಗಿ ಘೋಷಿಸಿತು. ಆ ಬೆಲೆ ಯಾವುದರದು? ಕಂಪ್ಯೂಟರುಗಳದಲ್ಲ, ಜನ ದುಡ್ಡು ತೆಗೆದುಕೊಳ್ಳದೆ ಬರೆದು ತುಂಬಿದ ಪುಟಗಳದು, ಅವನ್ನು ನೋಡಲು ಬರುವವರದು. ಅದೇ ವರ್ಷದ ನಡುವಿನಲ್ಲಿ ಯಾಹೂ ಹೊಸ ಕರಾರು ತಂದು, ನಿವಾಸಿಗಳು ಬರೆದದ್ದನ್ನೆಲ್ಲ ತನಗೆ ಬೇಕಾದಂತೆ ಬಳಸುವ ಹಕ್ಕು ಕೇಳಿತು. ಜನ ತಿರುಗಿಬಿದ್ದರು, ಎಷ್ಟೋ ಮಂದಿ ತಮ್ಮ ಪುಟಗಳ ಬಣ್ಣ ಅಳಿಸಿ ಬೂದು ಬಳಿದು ಪ್ರತಿಭಟಿಸಿದರು. ಯಾಹೂ ಕರಾರನ್ನು ತಿದ್ದಬೇಕಾಯಿತು. ಆದರೆ ಸದ್ದಿಲ್ಲದೆ ಇನ್ನೊಂದು ಬದಲಾವಣೆ ಆಗಿಹೋಯಿತು: ಬಡಾವಣೆ, ಮನೆ ನಂಬರಿನ ಪದ್ಧತಿ ಬಿಟ್ಟು ಬಳಕೆದಾರರ ಹೆಸರಿನ ವಿಳಾಸ ಬಂತು. ನನ್ನ ಪ್ರಕಾರ ನಿಜವಾದ ಪೆಟ್ಟು ಬಿದ್ದದ್ದು ಅಲ್ಲಿ. ನೆರೆಹೊರೆ ಇಲ್ಲದಾದ ಮೇಲೆ ಉಳಿದದ್ದು ಬಿಡಿ ಖಾತೆಗಳು. 2009ರ ಅಕ್ಟೋಬರ್ 26ರಂದು ಯಾಹೂ ಇಡೀ ತಾಣವನ್ನೇ ಅಳಿಸಿತು. ಜೇಸನ್ ಸ್ಕಾಟ್ ನೇತೃತ್ವದ ಆರ್ಕೈವ್ ಟೀಮ್ ಎಂಬ ಸ್ವಯಂಸೇವಕರ ಗುಂಪಿನಂಥವರು ಹಗಲಿರುಳು ಪ್ರತಿ ಮಾಡಿಕೊಂಡು ಉಳಿಸಿದ್ದಷ್ಟೇ ಉಳಿಯಿತು.

ಎರಡನೆಯ ನಿದರ್ಶನ ಲೈವ್‌ಜರ್ನಲ್. ಬ್ರಾಡ್ ಫಿಟ್ಸ್‌ಪ್ಯಾಟ್ರಿಕ್ 1999ರಲ್ಲಿ ತೆರೆದ ಈ ತಾಣದಲ್ಲಿ ಅಭಿಮಾನಿಗಳು ಕಥೆ ಬರೆದರು, ಕಂತು ಕಂತಾಗಿ ಧಾರಾವಾಹಿಗಳನ್ನು ಬಗೆದು ನೋಡಿದರು, ಒಂದು ಬರಹದ ಕೆಳಗೆ ನೂರಾರು ಉತ್ತರಗಳ ಚರ್ಚೆ ಬೆಳೆಸಿದರು. 2005ರಲ್ಲಿ ಅದು ಸಿಕ್ಸ್ ಅಪಾರ್ಟ್ ಕಂಪನಿಯ ಪಾಲಾಯಿತು. 2007ರ ಮೇ ಕೊನೆಯಲ್ಲಿ ಹೊರಗಿನ ಗುಂಪೊಂದರ ದೂರಿನ ಮೇಲೆ ಕಂಪನಿ ಸುಮಾರು 500 ಖಾತೆಗಳನ್ನು ಒಮ್ಮೆಲೇ ಅಮಾನತು ಮಾಡಿತು. ಅಮಾನತಾದ ಖಾತೆಯ ಹೆಸರಿನ ಮೇಲೆ ಅಡ್ಡಗೆರೆ ಮೂಡುತ್ತಿತ್ತು. ಪುಟದಲ್ಲಿ ಬರೆದುಕೊಂಡ ಆಸಕ್ತಿಗಳ ಪಟ್ಟಿಯನ್ನೇ ಆಧಾರವಾಗಿಟ್ಟುಕೊಂಡಿದ್ದರಿಂದ ಹ್ಯಾರಿ ಪಾಟರ್ ಕಥೆಗಳ ಬಳಗದ ಜೊತೆ ಅತ್ಯಾಚಾರಕ್ಕೆ ಒಳಗಾದವರ ನೆರವಿನ ಗುಂಪುಗಳೂ ಲೋಲಿತಾ ಕಾದಂಬರಿಯನ್ನು ಚರ್ಚಿಸುತ್ತಿದ್ದ ಗುಂಪೂ ಅಡ್ಡಗೆರೆಗೆ ಸಿಕ್ಕವು. ಕಂಪನಿಯ ಮುಖ್ಯಸ್ಥರು ಕೆಲವೇ ದಿನಗಳಲ್ಲಿ ಬಹಿರಂಗವಾಗಿ ಕ್ಷಮೆ ಕೇಳಿದರು, ಅನೇಕ ಖಾತೆಗಳು ಮರಳಿದವು. ನಂಬಿಕೆ ಮರಳಲಿಲ್ಲ. ವರ್ಷ ಕಳೆಯುವುದರೊಳಗೆ ತಾಣ ಎಸ್‌ಯುಪಿ ಎಂಬ ರಷ್ಯನ್ ಕಂಪನಿಗೆ ಮಾರಾಟವಾಯಿತು.

ಈಗ ಆಕ್ಷೇಪಗಳಿಗೆ ಬರುತ್ತೇನೆ. ಇದೆಲ್ಲ ಯೌವನದ ಮೇಲಿನ ಮೋಹ ಎಂಬ ಮಾತಿಗೆ ಉತ್ತರ ಆ ಬಳಗದವರ ವಯಸ್ಸಿನಲ್ಲೇ ಇದೆ. ಅಲ್ಲಿದ್ದವರೆಲ್ಲ ಹುಡುಗರಲ್ಲ. ಸಂಶೋಧಕಿ ನ್ಯಾನ್ಸಿ ಬೇಮ್ 1990ರ ದಶಕದ ಆರಂಭದಲ್ಲಿ ಯೂಸ್‌ನೆಟ್ ಎಂಬ ಚರ್ಚಾ ಜಾಲದ ಹಗಲು ಧಾರಾವಾಹಿ ಅಭಿಮಾನಿಗಳ ಗುಂಪನ್ನು ಅಧ್ಯಯನ ಮಾಡಿ 2000ದಲ್ಲಿ ಪುಸ್ತಕ ಪ್ರಕಟಿಸಿದರು. ಆ ಗುಂಪಿನಲ್ಲಿ ಹೆಚ್ಚಿನವರು ಮಹಿಳೆಯರು, ಉದ್ಯೋಗದಲ್ಲಿದ್ದ ವಯಸ್ಕರು. ಲೈವ್‌ಜರ್ನಲ್‌ನ ಅಭಿಮಾನಿಗಳಲ್ಲೂ ಸಂಸಾರ, ನೌಕರಿ ನಿಭಾಯಿಸುತ್ತಿದ್ದವರು ಬೇಕಾದಷ್ಟಿದ್ದರು. ಯೌವನವೇ ಕಾರಣವಾಗಿದ್ದರೆ ಇವರಿಗೆ ಕಳೆದುಕೊಂಡ ನೋವು ಇರಬಾರದಿತ್ತು. ನೆನಪು ಬಣ್ಣ ಹಚ್ಚುತ್ತದೆ, ಒಪ್ಪುತ್ತೇನೆ. ಆದರೆ ಅಳಿಸಿದ ತಾರೀಖಿಗೆ ಯಾವ ನೆನಪೂ ಬಣ್ಣ ಹಚ್ಚಲಾರದು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಆ ಬಳಗಗಳು ಎಲ್ಲರವೂ ಆಗಿರಲಿಲ್ಲ. ಕಂಪ್ಯೂಟರ್, ಫೋನ್ ಲೈನ್, ಇಂಗ್ಲಿಷ್ ಮೂರೂ ಇದ್ದವರಷ್ಟೇ ಒಳಗೆ ಬರಬಹುದಿತ್ತು. ಬಾಗಿಲಲ್ಲಿದ್ದ ಮನುಷ್ಯ ಸಣ್ಣ ಮನಸ್ಸಿನವನಾದರೆ ಬೇಡದವರನ್ನು ಹೊರಗಿಡುವುದೂ ಅಷ್ಟೇ ಸುಲಭವಾಗಿತ್ತು. 2009ರಲ್ಲಿ ವಿಜ್ಞಾನ ಕಥಾ ಅಭಿಮಾನಿಗಳ ನಡುವೆ ಜನಾಂಗದ ಪ್ರಶ್ನೆ ಸ್ಫೋಟಗೊಂಡು ತಿಂಗಳುಗಟ್ಟಲೆ ನಡೆದ ವಾದವನ್ನು ಓದಿದರೆ, ಬಿಳಿಯರಲ್ಲದ ಓದುಗರು ಎಷ್ಟು ಕಾಲ ಎಷ್ಟೆಲ್ಲ ನುಂಗಿಕೊಂಡಿದ್ದರೆಂದು ತಿಳಿಯುತ್ತದೆ. ಇದನ್ನು ಮರೆಸುವ ಹಳಹಳಿಕೆ ಅಪ್ರಾಮಾಣಿಕ. ಆದರೂ ಒಂದು ಮಾತು ಸೇರಿಸಬೇಕು. ಆ ಅಸಮಾಧಾನ ಅಷ್ಟು ಸುದೀರ್ಘವಾಗಿ, ಹೆಸರು ಹಿಡಿದು, ಒಂದರ ಕೆಳಗೊಂದು ಬರಹವಾಗಿ ದಾಖಲಾದದ್ದು ಅಂಥದೇ ತಾಣಗಳಲ್ಲಿ. ನೊಂದವರು ಬಳಗದ ಒಳಗಿನವರಾಗಿಯೇ ಬಳಗವನ್ನು ತಿದ್ದಲು ಹೊರಟಿದ್ದರು. ಕಂಪನಿಯೊಂದು ಇಂಥ ತಾಣವನ್ನು ನೆಲಸಮ ಮಾಡಿದಾಗ ತಪ್ಪುಗಳ ಜೊತೆಗೆ ಇಂಥ ತಿದ್ದುಪಡಿಯ ಪ್ರಯತ್ನಗಳೂ ಹೋಗುತ್ತವೆ.

ಮೂರನೆಯವರು ಕೇಳುವುದು ವ್ಯವಹಾರದ ಪ್ರಶ್ನೆ: ಬಿಟ್ಟಿಯಾಗಿ ಕೊಟ್ಟ ಜಾಗವನ್ನು ಹಿಂದಕ್ಕೆ ತೆಗೆದುಕೊಂಡರೆ ದೂರುವುದೇಕೆ? ಬಿಟ್ಟಿ ಎಂಬುದನ್ನು ನಾನು ಒಪ್ಪುವುದಿಲ್ಲ. ಬರೆದವರ ದುಡಿಮೆಗೆ ಷೇರು ಪೇಟೆ ಕಟ್ಟಿದ ಬೆಲೆಯನ್ನು ಮೇಲೆ ನೋಡಿದ್ದೇವೆ. ಅದರಲ್ಲಿ ಬರೆದವರಿಗೆ ಬಂದದ್ದು ಸೊನ್ನೆ. ಈ ಪಾಠವನ್ನು ಅಭಿಮಾನಿಗಳು ಬೇಗನೆ ಕಲಿತರು. ಅವರ ಕಥೆಗಳಿಂದ ಲಾಭ ಮಾಡಲು 2007ರಲ್ಲಿ ಫ್ಯಾನ್‌ಲಿಬ್ ಎಂಬ ಕಂಪನಿ ಹೊರಟಾಗ, ನಮ್ಮದೇ ಭಂಡಾರ ಬೇಕು ಎಂಬ ಕೂಗೆದ್ದಿತು. ಅದೇ ವರ್ಷ ಲಾಭರಹಿತ ಸಂಸ್ಥೆಯೊಂದು ಹುಟ್ಟಿತು. ಸ್ಥಾಪಕರಲ್ಲಿ ಕಾದಂಬರಿಕಾರ್ತಿ ನವೋಮಿ ನೋವಿಕ್ ಒಬ್ಬರು. 2009ರ ನವೆಂಬರಿನಲ್ಲಿ, ಜಿಯೋಸಿಟೀಸ್ ಅಳಿದ ಮರುತಿಂಗಳೇ, ಆ ಸಂಸ್ಥೆಯ ‘ಆರ್ಕೈವ್ ಆಫ್ ಅವರ್ ಓನ್’ ಸಾರ್ವಜನಿಕರಿಗೆ ತೆರೆಯಿತು. ಸರ್ವರುಗಳು ಸಂಸ್ಥೆಯ ಸ್ವಂತದವು, ಜಾಹೀರಾತಿಲ್ಲ, ನಡೆಯುವುದು ದೇಣಿಗೆಯಿಂದ, ದುಡಿಯುವವರು ಸ್ವಯಂಸೇವಕರು. ಮುಚ್ಚಿಹೋಗಲಿರುವ ಹಳೆಯ ತಾಣಗಳ ಕಥೆಗಳನ್ನು ತಂದಿಟ್ಟುಕೊಳ್ಳುವ ಪ್ರತ್ಯೇಕ ವಿಭಾಗವೂ ಸಂಸ್ಥೆಗಿದೆ. 2019ರಲ್ಲಿ ಆ ಆರ್ಕೈವ್‌ಗೆ ವಿಜ್ಞಾನ ಕಥಾಲೋಕದ ಹ್ಯೂಗೋ ಪ್ರಶಸ್ತಿ ಬಂತು. ಅದೀಗ ಚಿಕ್ಕ ಬಳಗವಲ್ಲ, ಬೃಹತ್ ಭಂಡಾರ. ಜನ ಹೆಚ್ಚಿದ್ದರಿಂದಲೇ ಎಲ್ಲ ಕೆಟ್ಟಿತು ಎಂಬ ವಾದ ಇದರ ಮುಂದೆ ನಿಲ್ಲುವುದಿಲ್ಲ. ನೆಲ ತಮ್ಮದಾಗಿದ್ದವರು ಉಳಿದರು.

ಇವತ್ತೂ ವಾಟ್ಸ್ಯಾಪ್, ಟೆಲಿಗ್ರಾಂ, ಡಿಸ್ಕಾರ್ಡ್‌ಗಳಲ್ಲಿ ಚಿಕ್ಕ ಗುಂಪುಗಳಿಲ್ಲವೇ ಎಂದರೆ, ಇವೆ, ಆಪ್ತವಾಗಿಯೂ ಇವೆ. ಆದರೆ ಅವುಗಳಲ್ಲಿ ಹೆಚ್ಚಿನವು ಮುಚ್ಚಿದ ಕೋಣೆಗಳು. ದಾರಿಹೋಕನ ಕಣ್ಣಿಗೇ ಬೀಳವು, ಹುಡುಕಿದರೂ ಸುಲಭವಾಗಿ ಸಿಗವು. ಅಪರಿಚಿತನೊಬ್ಬ ಅಲೆಯುತ್ತ ಬಂದು ತನ್ನಂಥವರನ್ನು ಕಾಣುವ ದಾರಿ ಅಲ್ಲಿಲ್ಲ.

ಕನ್ನಡಿಗರಿಗೆ ಈ ಕಥೆ ದೂರದ್ದಲ್ಲ. ಅದೇ ಕಾಲದಲ್ಲಿ ನಮ್ಮ ಅಕ್ಷರಗಳು ಪರದೆಯ ಮೇಲೆ ಚೌಕಗಳಾಗಿ ಕಾಣುತ್ತಿದ್ದವು. ಶೇಷಾದ್ರಿವಾಸು ಅವರ ‘ಬರಹ’ ತಂತ್ರಾಂಶ 1998ರಲ್ಲಿ ಬಂದ ಮೇಲೂ ಹೆಚ್ಚಿನವರು ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಬರೆದರು. ಹಾಗೆ ಬರೆದವರು ದೊಡ್ಡ ಸಂಖ್ಯೆಯಲ್ಲಿ ಕೂಡಿದ್ದು ಗೂಗಲ್ 2004ರ ಜನವರಿಯಲ್ಲಿ ತೆರೆದ ಆರ್ಕುಟ್ ಎಂಬ ಸಾಮಾಜಿಕ ಜಾಲತಾಣದಲ್ಲಿ. ರಾಜ್‌ಕುಮಾರ್, ವಿಷ್ಣುವರ್ಧನ್, ಉಪೇಂದ್ರ ಅಭಿಮಾನಿಗಳಿಂದ ಹಿಡಿದು ಪೂರ್ಣಚಂದ್ರ ತೇಜಸ್ವಿಯವರ ಓದುಗರವರೆಗೆ ಎಲ್ಲರಿಗೂ ಅಲ್ಲಿ ‘ಕಮ್ಯುನಿಟಿ’ಗಳಿದ್ದವು. 2006ರ ಏಪ್ರಿಲಿನಲ್ಲಿ ರಾಜ್‌ಕುಮಾರ್ ತೀರಿಕೊಂಡಾಗ, ಆ ಡಿಸೆಂಬರಿನಲ್ಲಿ ‘ಮುಂಗಾರು ಮಳೆ’ ತೆರೆಗೆ ಬಂದಾಗ, ಬೆಂಗಳೂರಿನವರೂ ಹೊರದೇಶಗಳಲ್ಲಿದ್ದವರೂ ಒಂದೇ ಕಡೆ ಮಾತಾಡಿಕೊಂಡದ್ದು ಅಲ್ಲಿಯೇ. ಪತ್ರಿಕೆಗಳ ವಿಮರ್ಶೆ ಗ್ರಂಥಾಲಯದಲ್ಲಿ ಸಿಗುತ್ತದೆ. ಸಾಮಾನ್ಯ ಪ್ರೇಕ್ಷಕ ಅಂದು ಏನೆಂದ ಎಂಬುದಕ್ಕೆ ಆರ್ಕುಟ್ಟೇ ದಾಖಲೆಯಾಗಿತ್ತು. 2014ರ ಸೆಪ್ಟೆಂಬರ್ 30ರಂದು ಗೂಗಲ್ ಅದನ್ನು ಮುಚ್ಚಿತು. ಸಾರ್ವಜನಿಕ ಕಮ್ಯುನಿಟಿಗಳ ಪ್ರತಿಯನ್ನು ಕೆಲ ಕಾಲ ನೋಡಲು ಇಟ್ಟು, ಆಮೇಲೆ ಅದನ್ನೂ ತೆಗೆಯಿತು. ಆ ವರ್ಷಗಳ ಕನ್ನಡ ಅಭಿಮಾನದ ಚರಿತ್ರೆ ಬರೆಯುವವರಿಗೆ ಇನ್ನು ಹೆಚ್ಚಾಗಿ ಆಸರೆಯಾಗುವುದು ಜನರ ಹತ್ತಿರ ಅಲ್ಲಲ್ಲಿ ಇರಬಹುದಾದ ಚೂರುಗಳು. ನಿಮ್ಮ ಹಳೆಯ ಹಾರ್ಡ್‌ಡಿಸ್ಕ್, ಸೀಡಿಗಳಲ್ಲಿ ಆರ್ಕುಟ್ ಚರ್ಚೆಗಳ ಸ್ಕ್ರೀನ್‌ಶಾಟ್, ಉಳಿಸಿಟ್ಟ ಪುಟ, ನಿಮ್ಮದೇ ಅಭಿಮಾನಿ ತಾಣದ ಕಡತಗಳಿದ್ದರೆ ದಯವಿಟ್ಟು ಅಳಿಸಬೇಡಿ. ಅದರಲ್ಲಿರುವ ಖಾಸಗಿ ಹೆಸರು, ವಿಳಾಸಗಳನ್ನು ಮರೆಮಾಡಿ ಇಂಟರ್‌ನೆಟ್ ಆರ್ಕೈವ್ ಎಂಬ ಡಿಜಿಟಲ್ ಭಂಡಾರಕ್ಕೆ ಏರಿಸಿ. ಅದಕ್ಕೆ ಒಂದು ಖಾತೆ ತೆರೆದರೆ ಸಾಕು, ದುಡ್ಡು ಕೊಡಬೇಕಾಗಿಲ್ಲ.