ಬೆಳಕಿಲ್ಲದಿದ್ದರೆ ಒಲ್ಲೆ ಎನ್ನುವ ಕ್ಯಾಮೆರಾ

ಮಹಾಯುದ್ಧದ ಪೆಟ್ಟಿನಿಂದ ಚೇತರಿಸಿಕೊಳ್ಳುತ್ತಿದ್ದ ಜಪಾನಿನಲ್ಲಿ ಒಳ್ಳೆಯ ಕ್ಯಾಮೆರಾ ಸಾಮಾನ್ಯ ಸಂಬಳದಾರನ ಕೈಗೆ ಎಟುಕುವ ವಸ್ತುವಾಗಿರಲಿಲ್ಲ. ಒಲಿಂಪಸ್ ಕಂಪನಿಯ ಯುವ ವಿನ್ಯಾಸಕಾರ ಯೋಶಿಹಿಸಾ ಮೈತಾನಿ ಹಾಕಿಕೊಂಡ ಗುರಿ 6,000 ಯೆನ್. ಬೆಲೆ ಅದನ್ನು ಮೀರಬಾರದು, ಆದರೆ ಮಸೂರದ ಗುಣಮಟ್ಟದಲ್ಲಿ ರಾಜಿಯೂ ಕೂಡದು. ಇದ್ದ ಹಣವನ್ನೆಲ್ಲ ಮಸೂರವೇ ನುಂಗಿದಾಗ ಮೈತಾನಿ ಉಳಿದ ಕಡೆ ಕೈ ಬಿಗಿ ಹಿಡಿದರು. ಫಿಲಂ ಸುತ್ತುವ ಸನ್ನೆ ಹೋಗಿ, ಹೆಬ್ಬೆರಳಿನಿಂದ ತಿರುಗಿಸುವ ಹಲ್ಲುಚಕ್ರ ಬೆನ್ನಿಗೆ ಬಂತು. ಹೀಗೆ 1959ರಲ್ಲಿ ಹೊರಬಿದ್ದದ್ದೇ ‘ಒಲಿಂಪಸ್ ಪೆನ್’. ಪೆನ್ನಿನಂತೆ ಸದಾ ಜೊತೆಗಿರಲೆಂದು ಆ ಹೆಸರು.

ಅದರ ಗುಟ್ಟು ಅರ್ಧ ಚೌಕಟ್ಟು. ಸಾಧಾರಣ 35 ಮಿ.ಮೀ. ಕ್ಯಾಮೆರಾ ಒಂದು ಚಿತ್ರಕ್ಕೆ ಬಳಸುವ ಜಾಗದಲ್ಲಿ ಇದು ಎರಡು ಚಿತ್ರ ತೆಗೆಯುತ್ತದೆ. 36 ಚಿತ್ರಗಳ ರೋಲಿನಲ್ಲಿ 72. ಫಿಲಂ ದುಬಾರಿಯಾಗಿದ್ದ ಕಾಲದಲ್ಲಿ ಇದು ಸಣ್ಣ ಲಾಭವಲ್ಲ.

ಆದರೆ ನಿಜವಾದ ಜಾಣತನ ಕಾಣುವುದು 1961ರ ‘ಪೆನ್ ಇಇ’ ಮಾದರಿಯಲ್ಲಿ. ಮಸೂರದ ಸುತ್ತ ಬಳೆಯಂತೆ ಕೂತ ಉಬ್ಬುಗಾಜಿನ ಹಿಂದೆ ಸೆಲೆನಿಯಂ ಪದರವಿದೆ. ಬೆಳಕು ಬಿದ್ದರೆ ಅದರಲ್ಲಿ ಅತ್ಯಲ್ಪ ವಿದ್ಯುತ್ ಹುಟ್ಟಿ ಒಳಗಿನ ಮುಳ್ಳನ್ನು ಚಲಿಸುತ್ತದೆ. ಮುಳ್ಳು ನಿಂತ ಜಾಗ ನೋಡಿಕೊಂಡು ಯಂತ್ರವೇ ಮಸೂರದ ಕಂಡಿಯನ್ನು ಹಿಗ್ಗಿಸುತ್ತದೆ, ಕುಗ್ಗಿಸುತ್ತದೆ. ಬ್ಯಾಟರಿ ಇಲ್ಲ, ದೂರ ಅಳೆಯುವ ಗೊಡವೆಯೂ ಇಲ್ಲ. ಬೆಳಕು ಸಾಲದಿದ್ದರೆ ಕಿಂಡಿಯಲ್ಲಿ ಕೆಂಪು ಪಟ್ಟಿ ಮೇಲೇಳುತ್ತದೆ, ಷಟರ್ ಕದಲುವುದಿಲ್ಲ. ಕೆಟ್ಟ ಚಿತ್ರಕ್ಕೆ ಫಿಲಂ ಹಾಳುಮಾಡುವುದಕ್ಕಿಂತ ಸುಮ್ಮನಿರುವುದೇ ಲೇಸೆಂದು ನಿರ್ಧರಿಸುವ ಯಂತ್ರ!

ಇಂಥ ಕ್ಯಾಮೆರಾ ಇಂದು ಬೀರುವಿನ ಮೂಲೆಯಲ್ಲೋ ಹಳೆ ಸಾಮಾನಿನ ಅಂಗಡಿಯಲ್ಲೋ ಸಿಕ್ಕವರು ಮೊದಲು ಮೋಸಹೋಗುವುದು ಇಲ್ಲೇ. ಮನೆಯೊಳಗೆ ಗುಂಡಿ ಒತ್ತಿ, ಅದು ಅಲುಗದಿದ್ದರೆ ಕೆಟ್ಟಿದೆ ಎಂದು ಎತ್ತಿಡುತ್ತಾರೆ. ತೀರ್ಪಿಗೆ ಮೊದಲು ಬಿಸಿಲಿಗೆ ಒಯ್ಯಬೇಕು. ಉಂಗುರವನ್ನು ‘ಎ’ ಗುರುತಿಗೆ ತಿರುಗಿಸಿ, ಗಾಜನ್ನು ಅಂಗೈಯಿಂದ ಮುಚ್ಚಿ ಒತ್ತಿದರೆ ಕೆಂಪು ಪಟ್ಟಿ ಏಳಬೇಕು, ಕೈ ತೆಗೆದು ಒತ್ತಿದರೆ ಷಟರ್ ಟಿಕ್ಕೆನ್ನಬೇಕು. ನಡುಹಗಲಲ್ಲೂ ಕೆಂಪೇ ಕಂಡರೆ ಬಹುಪಾಲು ಸೆಲೆನಿಯಂನ ಆಯುಸ್ಸು ಮುಗಿದಿದೆ. ಬೆಳಕನ್ನುಂಡು ಬದುಕುವ ಈ ಪದರ ಬೆಳಕಿನಿಂದಲೇ ಸವೆಯುತ್ತದೆ ಎನ್ನುತ್ತಾರೆ ಬಲ್ಲವರು. ಷೋಕೇಸಿನಲ್ಲಿ ಮೆರೆದದ್ದಕ್ಕಿಂತ ಚರ್ಮದ ಚೀಲದಲ್ಲಿ ಮಲಗಿದ್ದದ್ದು ಬಾಳಿಕೆ ಬಂದೀತು. ಹಾಗೆಂದು ಎಸೆಯಬೇಕಿಲ್ಲ. ಉಂಗುರವನ್ನು ‘ಎ’ಯಿಂದ ಅಂಕಿಗಳಿಗೆ ಹೊರಳಿಸಿ, ಬೆಳಕನ್ನು ಅಂದಾಜಿಸಿ ಚಿತ್ರ ತೆಗೆಯಬಹುದು.

ಮೊದಲ ರೋಲು ಹಾಕುವಾಗ ಕಣ್ಣು ಎಡಗಡೆಯ ಗುಬುಟಿನ ಮೇಲಿರಲಿ. ಹಲ್ಲುಚಕ್ರ ತಿರುಗಿಸಿದಾಗ ಅದೂ ತಿರುಗಿದರೆ ಫಿಲಂ ಸಾಗುತ್ತಿದೆ ಎಂದರ್ಥ. ಇಲ್ಲವಾದರೆ 72 ಸಲ ಒತ್ತಿದರೂ ಸಿಗುವುದು ಖಾಲಿ ಸುರುಳಿ. ಮುಗಿದ ಮೇಲೆ ಫಿಲಮನ್ನು ಡಬ್ಬಿಗೆ ಮರಳಿ ಸುತ್ತದೆ ಬೆನ್ನು ತೆರೆದರೂ ಅಷ್ಟೇ, ಎಲ್ಲವೂ ಬಿಳಿಚಿ ಹೋಗುತ್ತದೆ. ಇನ್ನೊಂದು ವಿಚಿತ್ರ: ಕ್ಯಾಮೆರಾ ಅಡ್ಡ ಹಿಡಿದರೆ ಚಿತ್ರ ಉದ್ದಕ್ಕೆ ನಿಲ್ಲುತ್ತದೆ. ಭೂದೃಶ್ಯಕ್ಕೆ ಕ್ಯಾಮೆರಾವನ್ನೇ ನಿಲ್ಲಿಸಬೇಕು. 72 ಚಿತ್ರ ತೀರಲು ತಿಂಗಳುಗಳೇ ಬೇಕಾದೀತು. ಯುಗಾದಿ, ದೀಪಾವಳಿ ಎರಡೂ ಒಂದೇ ರೋಲಿನಲ್ಲಿ ತೊಳೆದು ಬಂದರೆ ಅಚ್ಚರಿಯಿಲ್ಲ.

ಮೈತಾನಿ 2009ರಲ್ಲಿ ತೀರಿಕೊಂಡರು. ಅಷ್ಟರಲ್ಲಿ ಡಿಜಿಟಲ್ ಕ್ಯಾಮೆರಾಗಳು ಫಿಲಮನ್ನು ಬದಿಗೊತ್ತಿದ್ದವು. ಆದರೂ 2024ರಲ್ಲಿ ಪೆಂಟಾಕ್ಸ್ ಹೊಸದಾಗಿ ಫಿಲಂ ಕ್ಯಾಮೆರಾ ತಂದಾಗ ಆರಿಸಿಕೊಂಡದ್ದು ಇದೇ ಅರ್ಧ ಚೌಕಟ್ಟನ್ನು. ‘ಪೆಂಟಾಕ್ಸ್ 17’ ಎಂದು ಅದರ ಹೆಸರು. ಅದಕ್ಕೆ ಮಾತ್ರ ಬ್ಯಾಟರಿ ಬೇಕು.